ರಾಮನ್ ಸ್ಪೆಕ್ಟ್ರಂ ಕೆಟ್ಟಿದೆ: ತಪ್ಪು ಲೇಸರ್‌ನದೋ, ಸ್ಪೆಕ್ಟ್ರೋಮೀಟರ್‌ನದೋ, ಸ್ಯಾಂಪಲ್‌ನದೋ?

ನಿನ್ನೆವರೆಗೂ ಚೆನ್ನಾಗಿ ಬರುತ್ತಿದ್ದ ಸ್ಪೆಕ್ಟ್ರಂ (ಯಾವ ಬಣ್ಣದ ಬೆಳಕು ಎಷ್ಟು ಬಂತು ಅಂತ ತೋರಿಸುವ ಗೆರೆಚಿತ್ರ) ಇವತ್ತು ಯಾಕೋ ಸರಿಯಿಲ್ಲ. ಪೀಕ್, ಅಂದರೆ ಆ ಗೆರೆಯ ಶಿಖರ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಿದೆ. ಅಥವಾ ಒಂದಿದ್ದದ್ದು ಎರಡಾಗಿದೆ. ಅಥವಾ ಪೀಕ್‌ಗಳೆಲ್ಲ ಒಂದು ದೊಡ್ಡ ದಿಬ್ಬದೊಳಗೆ ಮುಳುಗಿಹೋಗಿವೆ. ಇಂಥ ಹೊತ್ತಲ್ಲಿ ಕೈ ಸೀದಾ ಕನ್ನಡಿಗಳ ತಿರುಪಿಗೆ ಹೋಗುತ್ತದೆ. ದಯವಿಟ್ಟು ಬೇಡ. ಅಲೈನ್‌ಮೆಂಟ್ ಮುಟ್ಟಿದ ಮೇಲೆ ಮೊದಲಿದ್ದ ದೋಷ ಯಾವುದು, ನಾವು ತಂದುಕೊಂಡದ್ದು ಯಾವುದು ಅಂತ ಬಿಡಿಸುವುದೇ ಕಷ್ಟ. ತಿರುಪು ಎಲ್ಲಕ್ಕಿಂತ ಕೊನೆಗೆ.

ರಾಮನ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ನಾವು ಹುಡುಕುತ್ತಿರುವುದು ತೀರಾ ಸಣ್ಣ ಬೆಳಕು. ಲೇಸರ್ ಸ್ಯಾಂಪಲ್‌ಗೆ ಬಡಿದಾಗ ಚೆದುರುವ ಬೆಳಕಿನ ಬಹುಪಾಲು ಅದೇ ಬಣ್ಣದಲ್ಲಿ ವಾಪಸ್ ಬರುತ್ತದೆ. ಅಣುವಿನ ಕಂಪನಕ್ಕೆ ಶಕ್ತಿ ಕೊಟ್ಟು ಬಣ್ಣ ಬದಲಿಸಿಕೊಂಡು ಬರುವುದು ಕೋಟಿಗೊಂದು ಫೋಟಾನ್ ಅಂತ ಇಟ್ಟುಕೊಳ್ಳಿ. ಈ ಕೋಟಿಗೊಂದರ ಬಣ್ಣ ಎಷ್ಟು ಬದಲಾಗಿದೆ ಅನ್ನುವುದರಲ್ಲೇ ಅಣುವಿನ ರಚನೆಯ ಸುಳಿವು ಇರುವುದು. ಈ ಬದಲಾವಣೆಯನ್ನು ಅಳೆಯುವುದು ಸೆಂ.ಮೀ⁻¹ನಲ್ಲಿ, ಅಂದರೆ ಒಂದು ಸೆಂಟಿಮೀಟರ್‌ಗೆ ಎಷ್ಟು ಅಲೆ ಅನ್ನುವ ಲೆಕ್ಕದಲ್ಲಿ. ಮುಂದೆ ಬರೀ ಸಂಖ್ಯೆ ಬಂದರೆ ಪೀಕ್‌ಗಳದು ಸೆಂ.ಮೀ⁻¹, ಲೇಸರ್‌ಗಳದು (532, 785) ನ್ಯಾನೋಮೀಟರ್. ಬೆಂಜೀನ್ ಉಂಗುರ ಉಸಿರಾಡುವ (ಇಡಿಯಾಗಿ ಹಿಗ್ಗಿ ಕುಗ್ಗುವ) ಕಂಪನ 992 ಸೆಂ.ಮೀ⁻¹, ಅದಕ್ಕೊಂದು ಮೀಥೈಲ್ ಗುಂಪು ಸೇರಿಸಿ ಟಾಲ್ವೀನ್ ಮಾಡಿದರೆ 1004ರ ಹತ್ತಿರ. ಬರೀ 12ರ ವ್ಯತ್ಯಾಸ. ಹಾಗಾಗಿ ಉಪಕರಣ ನಾಲ್ಕೈದು ಸೆಂ.ಮೀ⁻¹ ಸುಳ್ಳು ಹೇಳಿದರೂ ಅಣುವಿನ ಬಗ್ಗೆ ನಾವು ತಪ್ಪು ಕಥೆ ಕಟ್ಟಿಬಿಡುತ್ತೇವೆ.

ದೋಷ ಹುಡುಕುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಈ ಪೀಕ್ ಯಾವುದಕ್ಕೆ ಅಂಟಿಕೊಂಡಿದೆ?

ನಿಜವಾದ ರಾಮನ್ ಪೀಕ್ ಲೇಸರ್‌ಗೆ ಅಂಟಿಕೊಂಡಿರುತ್ತದೆ. ಲೇಸರ್ ಬಣ್ಣ ಬದಲಿಸಿದರೆ ಅದೂ ಜೊತೆಗೇ ಸರಿಯುತ್ತದೆ, ಅಂದರೆ ಸೆಂ.ಮೀ⁻¹ ಲೆಕ್ಕದಲ್ಲಿ ಅಲ್ಲೇ ಇರುತ್ತದೆ. ಫ್ಲೋರೆಸೆನ್ಸ್ (ಬೆಳಕು ಹೀರಿಕೊಂಡ ವಸ್ತು ತಾನೇ ಹೊಳೆಯುವುದು), ಕೋಣೆಯ ದೀಪ ಇವೆಲ್ಲ ತಮ್ಮ ತರಂಗಾಂತರಕ್ಕೆ, ಅಂದರೆ ನ್ಯಾನೋಮೀಟರ್‌ಗೆ ಅಂಟಿಕೊಂಡಿರುತ್ತವೆ. ಲೇಸರ್ ಯಾವುದೇ ಇರಲಿ, ಅವು ತಮ್ಮ ಬಣ್ಣ ಬಿಡುವುದಿಲ್ಲ. ಕ್ಯಾಮೆರಾದ ಕೆಟ್ಟ ಪಿಕ್ಸೆಲ್ ಇದ್ದರೆ ಪೀಕ್ ಪಿಕ್ಸೆಲ್ ಸಂಖ್ಯೆಗೆ ಅಂಟಿರುತ್ತದೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗ್ರೇಟಿಂಗ್ ತಿರುಗಿಸಿದರೂ ಪರದೆ ಮೇಲೆ ಅದೇ ಜಾಗ. ಇನ್ನು ಯಾವುದಕ್ಕೂ ಅಂಟದೆ ಒಮ್ಮೆ ಬಂದು ಮತ್ತೆ ಬಾರದ ಸೂಜಿಯಂಥ ಗೆರೆ ಇದ್ದರೆ ಅದು ಕಾಸ್ಮಿಕ್ ಕಿರಣ. ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಒಂದು ಉದ್ದ ಎಕ್ಸ್‌ಪೋಷರ್ ಬದಲು ನಾಲ್ಕು ಸಣ್ಣವು ತೆಗೆದು ಹೋಲಿಸಿ. ಒಂದರಲ್ಲಿ ಮಾತ್ರ ಇದ್ದದ್ದನ್ನು ಕಿತ್ತುಹಾಕಿ, ಅಷ್ಟೇ.

ಮುಂದೆ ಬರುವುದೆಲ್ಲ ಈ ಪ್ರಶ್ನೆಯನ್ನೇ ಬೇರೆ ಬೇರೆ ದೋಷಗಳ ಮೇಲೆ ಹಾಕಿ ನೋಡುವ ಕೆಲಸ.

ಶುರು ಮಾಡುವ ಮುಂಚೆ

ವಾಚು, ಉಂಗುರ ತೆಗೆದಿಡಿ. ಕನ್ನಡಕ ನಿಮ್ಮ ಲೇಸರ್‌ನ ತರಂಗಾಂತರಕ್ಕೆ ಸರಿಯಾದದ್ದೇ ಅಂತ ಅದರ ಮೇಲೆ ಬರೆದಿರುವ ಸಂಖ್ಯೆ ಓದಿ. 532 ನ್ಯಾನೋಮೀಟರ್‌ಗೆ ಮಾಡಿದ ಕನ್ನಡಕ 785ನ್ನು ಆರಾಮಾಗಿ ಒಳಗೆ ಬಿಡಬಹುದು. 785 ಕಣ್ಣಿಗೆ ಮಂಕಾಗಿ ಕಾಣುತ್ತದೆ, ಅದಕ್ಕೇ ಅದರ ಅಪಾಯ ಜಾಸ್ತಿ. ಮಂಕು ಅಂದುಕೊಂಡು ನೋಡುತ್ತಾ ನಿಲ್ಲುತ್ತೇವೆ, ಅಷ್ಟರಲ್ಲಿ ರೆಟಿನಾಗೆ ಹೋಗುವಷ್ಟು ಹೋಗಿರುತ್ತದೆ. ರಾಮನ್‌ಗೆ ಬಳಸುವ ಲೇಸರ್‌ಗಳು ಹೆಚ್ಚಾಗಿ 3ಬಿ ದರ್ಜೆಯವು. ನೋಡುವ ಬೆಳಕಿನಲ್ಲಿ 5ರಿಂದ 500 ಮಿಲಿವ್ಯಾಟ್ ಅಂದರೆ ಆ ದರ್ಜೆ. ನೇರ ಕಿರಣ ಬಿಡಿ, ಹೊಳೆಯುವ ಸ್ಕ್ರೂಡ್ರೈವರ್‌ನಿಂದ ಪ್ರತಿಫಲಿಸಿದ ಕಿರಣವೂ ಸಾಕು.

ಲೇಸರ್ ಹಚ್ಚಿ ಅರ್ಧ ಗಂಟೆ ಬಿಡಿ. ಬೆಳಗ್ಗೆ ಬಂದ ತಕ್ಷಣ ಕಾಣುವ ದೋಷಗಳಲ್ಲಿ ಎಷ್ಟೋ ಬಿಸಿಯಾಗದ ಲೇಸರ್‌ನ ತರಲೆಗಳು. ಅರ್ಧ ಗಂಟೆ ಕಳೆದ ಮೇಲೂ ಉಳಿದದ್ದು ಮಾತ್ರ ದೋಷ.

ಕೈಯಲ್ಲಿರಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ಪವರ್ ಮೀಟರ್, ಒಂದು ಸಿಲಿಕಾನ್ ಚೂರು, ಮುಚ್ಚಿದ ಕುವೆಟ್‌ನಲ್ಲಿ (ಪುಟ್ಟ ಪಾರದರ್ಶಕ ಪಾತ್ರೆ) ಸೈಕ್ಲೋಹೆಕ್ಸೇನ್ ಅನ್ನುವ ದ್ರವ, ಒಂದು ನಿಯಾನ್ ದೀಪ. ಈ ನಾಲ್ಕಿದ್ದರೆ ಮುಕ್ಕಾಲು ಪಾಲು ದೋಷ ಸಿಕ್ಕಿಬೀಳುತ್ತದೆ.

ಸಿಗ್ನಲ್ಲೇ ಇಲ್ಲ

ಇದು ಹೆದರಿಸುವ ದೋಷ, ಆದರೆ ಹುಡುಕಲು ಸುಲಭ. ಲೇಸರ್‌ನಿಂದ ಶುರು ಮಾಡಿ ಬೆಳಕು ಹೋಗುವ ದಾರಿಯಲ್ಲೇ ನಡೆಯಿರಿ. ಪವರ್ ಮೀಟರನ್ನು ಸ್ಯಾಂಪಲ್ ಇಡುವ ಜಾಗದಲ್ಲೇ ಇಡಬೇಕು, ಲೇಸರ್ ಬಾಯಲ್ಲಿ ಅಲ್ಲ. ಲೇಸರ್ ಡಬ್ಬಿ 50 ಮಿಲಿವ್ಯಾಟ್ ಅನ್ನುತ್ತದೆ, ಸ್ಯಾಂಪಲ್ ಹತ್ತಿರ ಬರೀ 2 ಬರುತ್ತಿದೆ ಅಂದರೆ ಮಧ್ಯೆ ಎಲ್ಲೋ ಕಳ್ಳ ಇದ್ದಾನೆ. ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಚಕ್ರ ಯಾರೋ ತಿರುಗಿಸಿ ಬಿಟ್ಟಿರುತ್ತಾರೆ, ಶಟರ್ ಅರ್ಧ ತೆರೆದಿರುತ್ತದೆ, ಫೈಬರ್ ತುದಿಗೆ ಧೂಳು ಕೂತಿರುತ್ತದೆ.

ಪವರ್ ಸರಿ ಇದ್ದರೆ ಸಿಲಿಕಾನ್ ಚೂರು ಇಟ್ಟು ಫೋಕಸ್ ಮಾಡಿ. 520.5 ಸೆಂ.ಮೀ⁻¹ ಹತ್ತಿರ ಗಟ್ಟಿಯಾದ ಪೀಕ್ ಬರಲೇಬೇಕು. ಸಿಲಿಕಾನ್ ಬಂತು, ನಿಮ್ಮ ಸ್ಯಾಂಪಲ್ ಬರಲಿಲ್ಲ ಅಂದರೆ ಉಪಕರಣವನ್ನು ಬೈಯಬೇಡಿ. ಸ್ಯಾಂಪಲ್ ತೆಳುವಾಗಿದೆ, ಫೋಕಸ್ ಅದರ ಮೇಲಿಲ್ಲ, ಅಥವಾ ಅದು ರಾಮನ್‌ನಲ್ಲಿ ದುರ್ಬಲ. ಸಿಲಿಕಾನ್ ಕೂಡ ಬರಲಿಲ್ಲ ಅಂದರೆ ಹುಡುಕಾಟ ಸ್ಯಾಂಪಲ್‌ನಿಂದ ಕ್ಯಾಮೆರಾವರೆಗಿನ ಅರ್ಧ ದಾರಿಗೆ ಇಳಿಯಿತು: ಲೇಸರ್‌ನ ಸ್ವಂತ ಬಣ್ಣ ತಡೆಯುವ ಎಜ್ ಫಿಲ್ಟರ್, ಬೆಳಕು ಒಳಹೋಗುವ ಸೀಳು ಅಂದರೆ ಸ್ಲಿಟ್, ಗ್ರೇಟಿಂಗ್, ಕ್ಯಾಮೆರಾದ ಚಿಪ್ ಆದ ಸಿಸಿಡಿ.

ಒಂದು ವಿಷಯ ಇಲ್ಲಿ ಎಲ್ಲರನ್ನೂ ಬೀಳಿಸುತ್ತದೆ. 785 ಲೇಸರ್ ಬಳಸುವಾಗ ಅಣುವಿನ ಗುರುತು ಹಿಡಿಯುವ 'ಬೆರಳಚ್ಚು' ಭಾಗವೆಲ್ಲ ಚೆನ್ನಾಗಿ ಬರುತ್ತದೆ, ಆದರೆ ಕಾರ್ಬನ್-ಹೈಡ್ರೋಜನ್ ಬಂಧದ 2900ರ ಪೀಕ್ ಬರುವುದೇ ಇಲ್ಲ, ಬಂದರೂ ಇಷ್ಟೇ ಇಷ್ಟು. ಅಣುವಿನಲ್ಲಿ ಆ ಬಂಧ ಇಲ್ಲ ಅಂತಲ್ಲ. ಲೆಕ್ಕ ಹಾಕಿ ನೋಡಿ: 785 ನ್ಯಾನೋಮೀಟರ್ ಅಂದರೆ 12739 ಸೆಂ.ಮೀ⁻¹. ಅದರಲ್ಲಿ 2900 ಕಳೆದರೆ 9839. ಅದು 1016 ನ್ಯಾನೋಮೀಟರ್. ಸಿಲಿಕಾನ್‌ನಿಂದ ಮಾಡಿದ ಸಿಸಿಡಿ ಅಲ್ಲಿ ಕುರುಡು ಅಂತಲೇ ಹೇಳಬಹುದು. ಇದು ದೋಷವೇ ಅಲ್ಲ, ಹಸಿರು ಲೇಸರ್‌ಗೆ ಹೋದರೆ ಅದೇ ಪೀಕ್ 630 ನ್ಯಾನೋಮೀಟರ್ ಆಸುಪಾಸಿಗೆ ಬಂದು ಕುಣಿಯುತ್ತದೆ. ಅಂದಹಾಗೆ, ರಾಮನ್ ಚೆದುರುವಿಕೆ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. ಅಂದರೆ ಉಳಿದದ್ದೆಲ್ಲ ಸಮ ಇದ್ದರೂ 532ರಲ್ಲಿ ಸಿಗುವ ಬೆಳಕು 785ಕ್ಕಿಂತ ಸುಮಾರು 4.7 ಪಟ್ಟು ಹೆಚ್ಚು. ಲೇಸರ್ ಬದಲಿಸಿದ ದಿನ ಸಿಗ್ನಲ್ ಬಿದ್ದುಹೋಯಿತು ಅಂತ ಗಾಬರಿ ಬೀಳುವ ಮುನ್ನ ಇದು ನೆನಪಿರಲಿ.

ಎಲ್ಲಾ ಪೀಕ್ ಇವೆ, ಆದರೆ ತುಂಬಾ ಗದ್ದಲ (ಗೆರೆಯಲ್ಲಿ ಅರ್ಥವಿಲ್ಲದ ಏರುಪೇರು) ಅನ್ನುವುದಾದರೆ ಕ್ಯಾಮೆರಾದ ತಾಪಮಾನ ನೋಡಿ. ಸಿಸಿಡಿ ಪ್ರತಿ 6–7 ಡಿಗ್ರಿ ತಂಪಾದ ಹಾಗೂ ಕತ್ತಲ ಕರೆಂಟ್ (ಬೆಳಕಿಲ್ಲದಿದ್ದರೂ ಬಿಸಿಯಿಂದ ಹುಟ್ಟುವ ಸಿಗ್ನಲ್) ಅರ್ಧಕ್ಕೆ ಇಳಿಯುತ್ತದೆ. ಮೈನಸ್ 60ರಲ್ಲಿ ಇರಬೇಕಾದದ್ದು ಮೈನಸ್ 20ರಲ್ಲಿ ನಿಂತಿದ್ದರೆ ಫ್ಯಾನ್ ಹೋಗಿದೆ ಅಥವಾ ಗಾಳಿ ಕಿಂಡಿ ಮುಚ್ಚಿದೆ. ಶಟರ್ ಮುಚ್ಚಿ ಒಂದು ಕತ್ತಲ ಸ್ಪೆಕ್ಟ್ರಂ ತೆಗೆದರೆ ತಿಳಿದುಹೋಗುತ್ತದೆ.

ಪೀಕ್ ಜಾಗ ಬಿಟ್ಟಿದೆ

ಈ ಕೈಪಿಡಿಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಯಾವುದು ಅಂದರೆ ಇದೇ. ಯಾಕೆಂದರೆ ಜಾಗ ತಪ್ಪಿದ ಪೀಕ್ ನೋಡಲು ಸುಂದರವಾಗಿಯೇ ಇರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ಸ್ಪೆಕ್ಟ್ರೋಮೀಟರ್ ಅಳೆಯುವುದು ಬರೀ ತರಂಗಾಂತರ. ರಾಮನ್ ಶಿಫ್ಟ್ ಅನ್ನುವುದು ಸಾಫ್ಟ್‌ವೇರ್ ಮಾಡಿದ ಕಳೆಯುವ ಲೆಕ್ಕ: ಲೇಸರ್‌ನ ಸೆಂ.ಮೀ⁻¹ ಮೈನಸ್ ಬಂದ ಬೆಳಕಿನ ಸೆಂ.ಮೀ⁻¹. ಇಲ್ಲಿ ಲೇಸರ್‌ನ ಸಂಖ್ಯೆಯನ್ನು ಯಾರೂ ಅಳೆಯುತ್ತಿಲ್ಲ. ಎಂದೋ ಯಾರೋ ಸೆಟ್ಟಿಂಗ್‌ನಲ್ಲಿ 532.0 ಅಂತ ಟೈಪ್ ಮಾಡಿದ್ದಾರೆ, ಸಾಫ್ಟ್‌ವೇರ್ ಅದನ್ನೇ ನಂಬಿಕೊಂಡು ಕೂತಿದೆ. ಹಾಗಾಗಿ ಪೀಕ್ ತಪ್ಪಿದಾಗ ಅನುಮಾನ ಇಬ್ಬರ ಮೇಲೆ ಬರಬೇಕು. ಒಂದು, ಲೇಸರ್ ಸರಿದಿದೆ. ಎರಡು, ಗ್ರೇಟಿಂಗ್ ಅಥವಾ ಕ್ಯಾಮೆರಾ ಸರಿದಿದೆ.

ಸೈಕ್ಲೋಹೆಕ್ಸೇನ್ ಇಟ್ಟು ನೋಡೋಣ. ಅದರ ಪೀಕ್‌ಗಳು 801.3, 1028.3, 1266.4, 1444.4, 2852.9 ಅಂತ ಗೊತ್ತಿದೆ. ನಿಮ್ಮ ಪರದೆ ಮೇಲೆ 804.8, 1031.8, 1269.9, 1447.9, 2856.4 ಬಂತು ಅಂದುಕೊಳ್ಳಿ. ಎಲ್ಲದರಲ್ಲೂ ತಪ್ಪು ಒಂದೇ, 3.5 ಹೆಚ್ಚು. 801ರಲ್ಲೂ ಅಷ್ಟೇ, 2853ರಲ್ಲೂ ಅಷ್ಟೇ. ಇದು ಲೇಸರ್‌ನ ಕೆಲಸ. ಕಳೆಯುವ ಲೆಕ್ಕದಲ್ಲಿ ಮೊದಲ ಸಂಖ್ಯೆ ತಪ್ಪಿದರೆ ಎಲ್ಲ ಉತ್ತರವೂ ಅಷ್ಟೇ ತಪ್ಪಬೇಕು, ಅಲ್ವಾ? 532ರ ಹತ್ತಿರ 0.1 ನ್ಯಾನೋಮೀಟರ್ ಅಂದರೆ 3.5 ಸೆಂ.ಮೀ⁻¹. ಸಂಖ್ಯೆ ಹೆಚ್ಚಾಗಿ ಬಂದಿದೆ ಅಂದರೆ ಲೇಸರ್ ನಿಜವಾಗಿ 532.1ರಲ್ಲಿ ಹೊಳೆಯುತ್ತಿದೆ, ಸಾಫ್ಟ್‌ವೇರ್ ಇನ್ನೂ 532.0 ಅಂತ ಕೂತಿದೆ.

ಈಗ ಲೇಸರ್ ಸರಿಯಾಗೇ ಇದ್ದು, ಕ್ಯಾಮೆರಾ 0.1 ನ್ಯಾನೋಮೀಟರ್‌ನಷ್ಟು ಸರಿದಿದ್ದರೆ? ಆಗ ತಪ್ಪು ನ್ಯಾನೋಮೀಟರ್ ಲೆಕ್ಕದಲ್ಲಿ ಒಂದೇ, ಸೆಂ.ಮೀ⁻¹ ಲೆಕ್ಕದಲ್ಲಿ ಬೇರೆ ಬೇರೆ. 801ರಲ್ಲಿ ಸುಮಾರು 3.2, 2853ರಲ್ಲಿ ಸುಮಾರು 2.5. ಕೆಂಪು ಕಡೆ ಹೋದ ಹಾಗೆ ತಪ್ಪು ಕಮ್ಮಿಯಾಗುತ್ತದೆ. ಎರಡರ ನಡುವಿನ ವ್ಯತ್ಯಾಸ 0.7 ಮಾತ್ರ. ಮೂರು ಸೆಂ.ಮೀ⁻¹ಗೊಂದು ಪಿಕ್ಸೆಲ್ ಇರುವ ಸಣ್ಣ ಸ್ಪೆಕ್ಟ್ರೋಮೀಟರ್‌ನಲ್ಲಿ ಇದನ್ನು ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ನಿಯಾನ್ ದೀಪ ಬೇಕು ಅಂದದ್ದು.

ನಿಯಾನ್‌ಗೆ ನಿಮ್ಮ ಲೇಸರ್ ಇದೆಯೋ ಇಲ್ಲವೋ ಗೊತ್ತೇ ಇಲ್ಲ. ಅದರ ಗೆರೆಗಳು 585.25, 640.22, 703.24 ನ್ಯಾನೋಮೀಟರ್, ಯಾವತ್ತೂ. ಲೇಸರ್ ಆಫ್ ಮಾಡಿ, ದೀಪ ಹಚ್ಚಿ, ಅಕ್ಷವನ್ನು ನ್ಯಾನೋಮೀಟರ್‌ಗೆ ಬದಲಿಸಿ ನೋಡಿ. ಗೆರೆಗಳು ಜಾಗದಲ್ಲಿದ್ದರೆ ಸ್ಪೆಕ್ಟ್ರೋಮೀಟರ್ ನಿರಪರಾಧಿ, ಲೇಸರ್ ಸರಿದಿದೆ. ಗೆರೆಗಳೂ ತಪ್ಪಿದ್ದರೆ ಮೊದಲು ಸ್ಪೆಕ್ಟ್ರೋಮೀಟರನ್ನು ನಿಯಾನ್‌ಗೆ ಸರಿಹೊಂದಿಸಿ, ಆಮೇಲೆ ಸಿಲಿಕಾನ್ ನೋಡಿ ಲೇಸರ್ ಸಂಖ್ಯೆ ತಿದ್ದಿ. ಈ ಕ್ರಮ ತಿರುಗುಮುರುಗು ಮಾಡಬೇಡಿ. ಬರೀ ಸಿಲಿಕಾನ್ ನೋಡಿ ಲೇಸರ್ ಸಂಖ್ಯೆ ತಿದ್ದಿದರೆ 520ರ ಹತ್ತಿರ ಎಲ್ಲ ಸರಿಯಾಗಿ ಕಾಣುತ್ತದೆ, 3000ದ ಹತ್ತಿರ ಸದ್ದಿಲ್ಲದೆ ತಪ್ಪಿರುತ್ತದೆ. ಎಷ್ಟೋ ಕಡೆ ಬೆಳಗ್ಗೆ ನಡೆಯುವ 'ಕ್ಯಾಲಿಬ್ರೇಷನ್' ಅಂದರೆ ಇದೇ, ಒಂದು ಬಿಂದುವಿನ ಸಮಾಧಾನ.

ನಿಯಾನ್ ಬಳಸುವಾಗ ಒಂದು ಎಚ್ಚರ. ದೀಪವನ್ನು ಸ್ಲಿಟ್ ಪಕ್ಕ ಸುಮ್ನೆ ಓರೆಯಾಗಿ ಹಿಡಿದರೆ ಬೆಳಕು ಬೇರೆ ಕೋನದಲ್ಲಿ ಒಳಹೋಗಿ ಗೆರೆಗಳೇ ಸ್ವಲ್ಪ ಸರಿದು ಕಾಣುತ್ತವೆ. ಸ್ಯಾಂಪಲ್ ಇಡುವ ಜಾಗದಲ್ಲೇ ದೀಪ ಇಡಿ. ರಾಮನ್ ಬೆಳಕು ಬರುವ ದಾರಿಯಲ್ಲೇ ನಿಯಾನ್ ಬೆಳಕೂ ಬರಲಿ.

ಲೇಸರ್ ಸರಿಯುವುದು ಯಾಕೆ? ಹೆಚ್ಚಿನ ಸಲ ತಾಪಮಾನ. ಯಾವ ಲಾಕೂ ಇಲ್ಲದ 785ರ ಡಯೋಡ್ ಪ್ರತಿ ಡಿಗ್ರಿಗೆ ಸುಮಾರು 0.2ರಿಂದ 0.3 ನ್ಯಾನೋಮೀಟರ್ ಸರಿಯುತ್ತದೆ. ಅಲ್ಲಿ 0.1 ನ್ಯಾನೋಮೀಟರ್ ಅಂದರೆ 1.6 ಸೆಂ.ಮೀ⁻¹. ಒಂದೇ ಡಿಗ್ರಿ ಹೆಚ್ಚುಕಮ್ಮಿಯಾದರೂ ಲೆಕ್ಕ ಹಳ್ಳ ಹಿಡಿಯುತ್ತದೆ. ಒಳಗೆ ಗ್ರೇಟಿಂಗ್ ಇಟ್ಟು ಲಾಕ್ ಮಾಡಿದ ಡಯೋಡ್ ಇದಕ್ಕಿಂತ ಎಷ್ಟೋ ಸ್ಥಿರ, ಆದರೆ ಲಾಕ್ ತಪ್ಪಿದ ದಿನ ಅದೂ ಅಷ್ಟೇ. ನೋಡಿ, ಸ್ಥಿರವಾಗಿ ಒಂದೇ ಕಡೆ ಜಾರುತ್ತಿದ್ದರೆ ಬಿಸಿ, ಇದ್ದಕ್ಕಿದ್ದಂತೆ ನೆಗೆದು ಇನ್ನೊಂದು ಜಾಗದಲ್ಲಿ ನಿಂತರೆ ಮೋಡ್ ಹಾಪ್, ಅಂದರೆ ಲೇಸರ್ ಒಂದು ತರಂಗಾಂತರ ಬಿಟ್ಟು ಪಕ್ಕದ್ದಕ್ಕೆ ಹಾರಿದೆ.

ಒಂದಿದ್ದದ್ದು ಎರಡಾಗಿದೆ

ಅಣುಗಳ ರಚನೆ ಓದುವವರಿಗೆ ಜೋಡಿ ಪೀಕ್ ಅಂದರೆ ಹಬ್ಬ. ಎರಡು ರೂಪಗಳಿವೆಯೇ, ಐಸೋಟೋಪ್ ಇದೆಯೇ, ಎರಡು ಕಂಪನಗಳು ಒಂದರೊಳಗೊಂದು ಬೆರೆತಿವೆಯೇ ಅಂತ ತಲೆ ಓಡತೊಡಗುತ್ತದೆ. ಅದಕ್ಕೇ ಮೊದಲು ಲೇಸರ್ ಮೇಲಿನ ಅನುಮಾನ ಕಳೆದುಕೊಳ್ಳಬೇಕು.

ಲೇಸರ್ ಒಂದರ ಬದಲು ಎರಡು ಬಣ್ಣದಲ್ಲಿ ಹೊಳೆಯತೊಡಗಿದರೆ ಪ್ರತಿಯೊಂದು ಪೀಕೂ ಎರಡಾಗುತ್ತದೆ. ಪ್ರತಿ ಜೋಡಿಯ ನಡುವಿನ ಅಂತರವೂ ಒಂದೇ, ಎತ್ತರಗಳ ಅನುಪಾತವೂ ಒಂದೇ. ಸಿಲಿಕಾನ್ ಇಟ್ಟು ನೋಡಿ. 520.5ರ ಪಕ್ಕ ಒಂದು ಅವಳಿ ಕಂಡರೆ ಮಾತು ಮುಗಿಯಿತು. ಸಿಲಿಕಾನ್ ಹರಳಿಗೆ ಅಲ್ಲಿ ಇರುವುದು ಒಂದೇ ಪೀಕ್.

ಸಿಲಿಕಾನ್ ಒಂಟಿಯಾಗಿದ್ದು ನಿಮ್ಮ ಸ್ಯಾಂಪಲ್‌ನ ಕೆಲವು ಪೀಕ್ ಮಾತ್ರ ಜೋಡಿಯಾಗಿದ್ದರೆ ಆಗ ಖುಷಿ ಪಡಿ. ಕಾರ್ಬನ್ ಟೆಟ್ರಾಕ್ಲೋರೈಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 762 ಮತ್ತು 790ರ ಜೋಡಿ ನಿಜವಾದದ್ದು. ಒಂದು ಕಂಪನವೂ ಇನ್ನೆರಡರ ಮೊತ್ತವೂ ಹತ್ತಿರ ಹತ್ತಿರ ಬಂದು ಒಂದನ್ನೊಂದು ತಳ್ಳುತ್ತವೆ, ಅದಕ್ಕೆ ಫರ್ಮಿ ರೆಸೊನೆನ್ಸ್ ಅನ್ನುತ್ತಾರೆ. ಇನ್ನು 459ರ ಪೀಕನ್ನು ಒಳ್ಳೆಯ ರೆಸಲ್ಯೂಷನ್‌ನಲ್ಲಿ ನೋಡಿದರೆ ಸುಮಾರು 3 ಸೆಂ.ಮೀ⁻¹ ಅಂತರದ ಹಲ್ಲುಗಳು ಕಾಣುತ್ತವೆ. ಕ್ಲೋರಿನ್‌ನಲ್ಲಿ 35, 37 ಎರಡೂ ಐಸೋಟೋಪ್ ಇರುವುದರಿಂದ ಅಣುವಿಗೆ ಅಣು ತೂಕ ಬೇರೆ. ಆದರೆ 218ರ ಪೀಕ್‌ನಲ್ಲಿ ಇಂಥ ಹಲ್ಲು ಕಾಣುವುದಿಲ್ಲ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲ ಅನ್ನುವುದೇ ಅದು ಲೇಸರ್‌ನ ತರಲೆ ಅಲ್ಲ ಅನ್ನುವುದಕ್ಕೆ ಸಾಕ್ಷಿ. ಈ ದ್ರವ ವಿಷ, ಕ್ಯಾನ್ಸರ್ ತರಬಲ್ಲದು. ಲ್ಯಾಬ್‌ನಲ್ಲಿ ಸೀಲ್ ಮಾಡಿದ ಆಂಪ್ಯೂಲ್ ಮೊದಲೇ ಇದ್ದರೆ ಬಳಸಿ, ಇದಕ್ಕೋಸ್ಕರ ಬಾಟಲಿ ತೆರೆಯಬೇಡಿ.

ಪೀಕ್ ಎರಡಾಗಿಲ್ಲ, ಬರೀ ಅಗಲವಾಗಿದೆ ಅಂದರೂ ಉಪಾಯ ಇದೇ. ನಿಯಾನ್ ಗೆರೆ ಕೂಡ ದಪ್ಪಗಾಗಿದ್ದರೆ ಸ್ಲಿಟ್ ಅಗಲವಾಗಿದೆ ಅಥವಾ ಕ್ಯಾಮೆರಾ ಫೋಕಸ್ ತಪ್ಪಿದೆ. ನಿಯಾನ್ ತೆಳ್ಳಗಿದ್ದು ಸಿಲಿಕಾನ್ ದಪ್ಪಗಾಗಿದ್ದರೆ ಲೇಸರ್. ಎರಡೂ ತೆಳ್ಳಗಿದ್ದು ಸ್ಯಾಂಪಲ್ ಮಾತ್ರ ದಪ್ಪಗಿದ್ದರೆ ಅದು ಅಣುವಿನ ಸ್ವಭಾವ. ಹೈಡ್ರೋಜನ್ ಬಂಧ ಇರುವ ದ್ರವದಲ್ಲಿ, ಹರಳಾಗದ ಘನದಲ್ಲಿ ಪೀಕ್ ದಪ್ಪಗಿರುವುದು ಸಹಜ. ಅದನ್ನು ಸ್ಲಿಟ್ ಕಿರಿದು ಮಾಡಿ ಸರಿಪಡಿಸಲು ಹೋದರೆ ಬೆಳಕು ಕಳೆದುಕೊಳ್ಳುತ್ತೀರಿ, ಅಷ್ಟೇ ಲಾಭ.

ಇಲ್ಲದ ಪೀಕ್ ಬಂದಿದೆ

ಹಸಿರು ಲೇಸರ್ ಬಳಸುವಾಗ 484ರ ಹತ್ತಿರ ಒಂದು ತೆಳ್ಳನೆಯ ಪೀಕ್ ಕಂಡರೆ ಮೊದಲು ತಲೆ ಎತ್ತಿ ಚಾವಣಿ ನೋಡಿ. ಟ್ಯೂಬ್‌ಲೈಟ್‌ನ ಪಾದರಸ 546.07 ನ್ಯಾನೋಮೀಟರ್‌ನಲ್ಲಿ ಹೊಳೆಯುತ್ತದೆ, 532ರಿಂದ ಲೆಕ್ಕ ಹಾಕಿದರೆ ಅದು ಸರಿಯಾಗಿ ಅಲ್ಲಿಗೇ ಬರುತ್ತದೆ. ಅದರ ಹಳದಿ ಜೋಡಿ 1465, 1528ರ ಹತ್ತಿರ. ಟ್ಯೂಬ್ ಒಳಗಿನ ಫಾಸ್ಫರ್ ಲೇಪದ 611 ನ್ಯಾನೋಮೀಟರ್ ಕೆಂಪು ಗೆರೆ 2430ರ ಆಸುಪಾಸು. ತಮಾಷೆ ಏನೆಂದರೆ ಹರಳಾಗದ ಸಿಲಿಕಾನ್‌ನ ಗುರುತು ಕೂಡ 480ರ ಹತ್ತಿರವೇ. ಸಿಲಿಕಾನ್ ಫಿಲ್ಮ್ ಮೇಲೆ ಕೆಲಸ ಮಾಡುವವರು ದೀಪದ ಗೆರೆಯನ್ನು ಅದೇ ಅಂದುಕೊಂಡರೆ ಆಶ್ಚರ್ಯವಿಲ್ಲ. ಗುರುತಿಸುವುದು ಸುಲಭ: ಹರಳಾಗದ ಸಿಲಿಕಾನ್‌ನದು ಅಗಲವಾದ ದಿಬ್ಬ, ಪಾದರಸದ್ದು ಸೂಜಿ. ಲೇಸರ್ ಮುಚ್ಚಿ ಒಂದು ಸ್ಪೆಕ್ಟ್ರಂ ತೆಗೆಯಿರಿ. ಆಗಲೂ ಇದ್ದರೆ ಕೋಣೆಯ ಬೆಳಕು. ದೀಪ ಆರಿಸಿ ಅಥವಾ ಕಪ್ಪು ಬಟ್ಟೆ ಮುಚ್ಚಿ.

ಲೇಸರ್ ಮುಚ್ಚಿದಾಗ ಹೋಗುವ, ಆದರೆ ಯಾವ ಸ್ಯಾಂಪಲ್ ಇಟ್ಟರೂ ಬರುವ ಪೀಕ್ ಬೇರೆ ಜಾತಿ. 1555 ಮತ್ತು 2331ರಲ್ಲಿ ಸಣ್ಣ ಪೀಕ್ ಕಂಡರೆ ಅದು ಗಾಳಿಯ ಆಕ್ಸಿಜನ್ ಮತ್ತು ನೈಟ್ರೋಜನ್, ಲೆನ್ಸ್ ಮತ್ತು ಸ್ಯಾಂಪಲ್ ನಡುವಿನ ಗಾಳಿಯದ್ದು. ಕಿರಿಕಿರಿ ಅನ್ನಬೇಡಿ, ಪುಕ್ಕಟೆ ಸಿಕ್ಕ ಕ್ಯಾಲಿಬ್ರೇಷನ್ ಅದು. ಫೈಬರ್ ಪ್ರೋಬ್‌ನಲ್ಲಿ 500ರ ಕೆಳಗೆ ದೊಡ್ಡ ದಿಬ್ಬ, ಅದರ ಮೇಲೆ 490 ಮತ್ತು 606ರಲ್ಲಿ ಸಣ್ಣ ಮೂಗು ಕಂಡರೆ ಫೈಬರ್‌ನ ಸಿಲಿಕಾ. ಪ್ರೋಬ್ ತಲೆಯ ಫಿಲ್ಟರ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. 785ರಲ್ಲಿ ಮಾಮೂಲಿ ಗಾಜಿನ ಸ್ಲೈಡ್ 1400ರ ಸುತ್ತ ಅಗಲವಾದ ಗುಡ್ಡೆ ಎಬ್ಬಿಸುತ್ತದೆ. ಅಲ್ಯುಮಿನಿಯಂ ಹಾಳೆ ಅಥವಾ ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ ಮೇಲೆ ಸ್ಯಾಂಪಲ್ ಹಾಕಿದರೆ ಹೋಗುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್‌ನ ಸ್ವಂತ ಪೀಕ್ 322ರಲ್ಲಿ ಒಂದೇ ಇರುವುದರಿಂದ ತೊಂದರೆ ಕಮ್ಮಿ.

1350 ಮತ್ತು 1580ರಲ್ಲಿ ಎರಡು ಅಗಲ ಪೀಕ್ ನಿಧಾನವಾಗಿ ಬೆಳೆಯುತ್ತಿದ್ದರೆ ಲೇಸರ್ ಆರಿಸಿ. ಸ್ಯಾಂಪಲ್ ಸುಟ್ಟು ಇದ್ದಿಲಾಗುತ್ತಿದೆ.

ಬಿಸಿ

ಸುಡುವ ಮುನ್ನವೇ ಬಿಸಿ ಸ್ಪೆಕ್ಟ್ರಂ ಕೆಡಿಸಿರುತ್ತದೆ. ಸಿಲಿಕಾನ್ ಪೀಕ್ ಪ್ರತಿ ಡಿಗ್ರಿಗೆ ಸುಮಾರು 0.02 ಸೆಂ.ಮೀ⁻¹ ಕೆಳಗೆ ಜಾರುತ್ತದೆ. ದಪ್ಪ ಚೂರಿಗೆ ಏನೂ ಆಗುವುದಿಲ್ಲ, ಶಾಖ ಹರಿದುಹೋಗುತ್ತದೆ. ಪುಡಿ ಅಥವಾ ನ್ಯಾನೋತಂತಿ ಆದರೆ ಒಂದೆರಡು ಸೆಂ.ಮೀ⁻¹ ಜಾರಿಬಿಡಬಹುದು. ಅದನ್ನು ಹರಳಿನ ಒತ್ತಡ ಅಂತ ಓದಿಕೊಂಡರೆ ಇಡೀ ತೀರ್ಮಾನ ತಪ್ಪು. ಪರೀಕ್ಷೆ ಸರಳ: ಪವರ್ ಅರ್ಧ ಮಾಡಿ, ಎಕ್ಸ್‌ಪೋಷರ್ ಎರಡು ಪಟ್ಟು ಮಾಡಿ. ಪೀಕ್ ವಾಪಸ್ ಮೇಲೆ ಬಂದರೆ ಬಿಸಿ.

ಫಿಲ್ಟರ್ ಲೇಸರ್ ಬಣ್ಣವನ್ನು ಮಾತ್ರ ತಡೆದು ಅದರ ಎರಡೂ ಕಡೆಯ ಬೆಳಕು ಬಿಡುವ ನಾಚ್ ಆಗಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಲೇಸರ್‌ನ ಇನ್ನೊಂದು ಬದಿಯ ಆಂಟಿ-ಸ್ಟೋಕ್ಸ್ ಪೀಕ್ ನೋಡಿ, ಅಂದರೆ ಕಂಪನದಿಂದ ಶಕ್ತಿ ಪಡೆದು ಬಂದ ಬೆಳಕಿನದು. ಕೋಣೆಯ ತಾಪಮಾನದಲ್ಲಿ, 532 ಲೇಸರ್‌ನಲ್ಲಿ, ಸಿಲಿಕಾನ್‌ನ ಮೈನಸ್ 520ರ ಪೀಕ್ ಪ್ಲಸ್ 520ರ ಹತ್ತನೇ ಒಂದು ಭಾಗದಷ್ಟು ಇರಬೇಕು. ಅದಕ್ಕಿಂತ ತುಂಬಾ ಎತ್ತರವಿದ್ದರೆ ಸ್ಯಾಂಪಲ್ ಬಿಸಿಯಾಗಿದೆ. ಅಣುವೇ ಥರ್ಮಾಮೀಟರ್ ಆಗಿ ಕೂತಿರುತ್ತದೆ.

ಬೆಟ್ಟದಂಥ ಬ್ಯಾಕ್‌ಗ್ರೌಂಡ್

ಫ್ಲೋರೆಸೆನ್ಸ್ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಚಿಕ್ಕದಾಗಿ ಮುಗಿಸುತ್ತೇನೆ. ಕೆಂಪು ಕಡೆಯ ಲೇಸರ್‌ಗೆ ಹೋಗಿ. ಅದಿಲ್ಲವೇ, ಕಮ್ಮಿ ಪವರ್‌ನಲ್ಲಿ ಹತ್ತು ನಿಮಿಷ ಬೆಳಕು ಬಿದ್ದಿರಲಿ, ಕಲ್ಮಶದ ಫ್ಲೋರೆಸೆನ್ಸ್ ಆದರೆ ಇಳಿಯುತ್ತದೆ. ಇಳಿಯದಿದ್ದರೆ ಅಣುವಿನದೇ. ಸಾಫ್ಟ್‌ವೇರ್‌ನ ಬೇಸ್‌ಲೈನ್ ಬಟನ್ ಒತ್ತಿ ಬೆಟ್ಟ ಅಳಿಸಬಹುದು ನಿಜ, ಆದರೆ ಬೆಟ್ಟದ ಗದ್ದಲ ಅಳಿಯುವುದಿಲ್ಲ. ಅಗಲವಾದ ನಿಜವಾದ ಪೀಕ್ ಇದ್ದರೆ ಅದನ್ನೂ ನುಂಗಿಹಾಕುತ್ತದೆ. ಪೀಕ್ ತಲೆ ಮಟ್ಟಸವಾಗಿ ಕತ್ತರಿಸಿದ ಹಾಗಿದ್ದರೆ ಕ್ಯಾಮೆರಾ ತುಂಬಿದೆ. 16 ಬಿಟ್ ಕ್ಯಾಮೆರಾದಲ್ಲಿ 65535ಕ್ಕಿಂತ ಮೇಲೆ ಎಣಿಕೆ ಇಲ್ಲ.

ಬ್ಯಾಕ್‌ಗ್ರೌಂಡ್ ಅಲೆ ಅಲೆಯಾಗಿದ್ದು, 785ರಲ್ಲಿ ಮಾತ್ರ ಹಾಗಿದ್ದರೆ ಅದು ಫ್ಲೋರೆಸೆನ್ಸ್ ಅಲ್ಲ. ಹಿಂಬದಿಯಿಂದ ತೆಳ್ಳಗೆ ಮಾಡಿದ ಸಿಸಿಡಿಯೊಳಗೆ ಅವಗೆಂಪು ಬೆಳಕು ಹಿಂದೆ ಮುಂದೆ ಓಡಾಡಿ ಪಟ್ಟೆ ಮೂಡಿಸುತ್ತದೆ. ಬಿಳಿ ದೀಪದ ಸ್ಪೆಕ್ಟ್ರಂನಲ್ಲೂ ಅದೇ ಪಟ್ಟೆ ಅದೇ ಪಿಕ್ಸೆಲ್‌ಗಳಲ್ಲಿ ಕಾಣುತ್ತದೆ. ಅದರಿಂದ ಭಾಗಿಸಿದರೆ ಬಹುಪಾಲು ಹೋಗುತ್ತದೆ.

ಪೋಲರೈಸೇಷನ್ ಲೆಕ್ಕ ಹೊಂದುತ್ತಿಲ್ಲ

ಪೋಲರೈಸೇಷನ್ ಅಂದರೆ ಬೆಳಕಿನ ಅಲೆ ಆಡುವ ದಿಕ್ಕು. ಅಣುವಿನ ಸಮ್ಮಿತಿ ತಿಳಿಯಲು ಅಡ್ಡ ಮತ್ತು ನೇರ ಪೋಲರೈಸೇಷನ್‌ಗಳ ಅನುಪಾತ ಅಳೆಯುತ್ತೇವೆ. ಇಲ್ಲಿ ತಪ್ಪು ಬಂದರೆ ಸಾಮಾನ್ಯವಾಗಿ ಗ್ರೇಟಿಂಗ್‌ನದು, ಅದು ಒಂದು ದಿಕ್ಕಿನ ಬೆಳಕನ್ನು ಇನ್ನೊಂದಕ್ಕಿಂತ ಚೆನ್ನಾಗಿ ಕಳಿಸುತ್ತದೆ. ಸೈಕ್ಲೋಹೆಕ್ಸೇನ್‌ನ 1028ರ ಪೀಕ್‌ನ ಅನುಪಾತ 0.75 ಇರಬೇಕು, 801ರದು ತುಂಬಾ ಚಿಕ್ಕದಿರಬೇಕು. 1028ರದು 0.75 ಬರದಿದ್ದರೆ ಎಷ್ಟು ತಪ್ಪಿದೆಯೋ ಅದೇ ಉಪಕರಣದ ಪಕ್ಷಪಾತ. ಸ್ಲಿಟ್ ಮುಂದೆ ದಿಕ್ಕುಗಳನ್ನು ಬೆರೆಸಿಬಿಡುವ ಸ್ಕ್ರ್ಯಾಂಬ್ಲರ್ ಹಾಕಿ, ಅಥವಾ ಆ ಗುಣಕದಿಂದ ತಿದ್ದಿ. 1028 ಸರಿ ಇದ್ದು 801 ಮಾತ್ರ ದೊಡ್ಡದಾಗಿ ಬಂದರೆ ಒಂದೇ ದಿಕ್ಕಿನ ಬೆಳಕು ಬಿಡುವ ಅನಲೈಸರ್ ಕೋನ ತಪ್ಪಿದೆ, ಇಲ್ಲವೇ ತೀರಾ ಅಗಲ ಕೋನದ ಆಬ್ಜೆಕ್ಟಿವ್ ಲೆನ್ಸ್ ದಿಕ್ಕುಗಳನ್ನು ಕಲಸುತ್ತಿದೆ. ಸಿಲಿಕಾನ್ ಚೂರು ತಿರುಗಿಸಿದಾಗ ಅದರ ಪೀಕ್ ಏರಿಳಿಯುವುದು ದೋಷವಲ್ಲ. ಹರಳಿಗೆ ದಿಕ್ಕಿದೆ. ದಿನವೂ ಹೋಲಿಸುವುದಾದರೆ ಚೂರನ್ನು ಒಂದೇ ದಿಕ್ಕಿನಲ್ಲಿ ಇಡಲು ಮೂಲೆಯಲ್ಲಿ ಗುರುತು ಮಾಡಿಕೊಳ್ಳಿ.

ರಿಪೇರಿಯವರಿಗೆ ಹೇಳುವಾಗ

ಇಷ್ಟಾದರೂ ಬಗೆಹರಿಯದಿದ್ದರೆ 'ಸಿಗ್ನಲ್ ಸರಿಯಿಲ್ಲ' ಅಂತ ಬರೆದು ಕಳಿಸಬೇಡಿ. ಸ್ಯಾಂಪಲ್ ಜಾಗದ ಪವರ್, ಸಿಲಿಕಾನ್, ನಿಯಾನ್, ಶಟರ್ ಮುಚ್ಚಿದ ಕತ್ತಲ ಸ್ಪೆಕ್ಟ್ರಂ, ಸಿಸಿಡಿ ತಾಪಮಾನ ಇವನ್ನು ಕಳಿಸಿ. ಫೈಲ್‌ಗಳು ಕಚ್ಚಾ ಇರಲಿ, ಸ್ಮೂತ್ ಮಾಡಿದ ಚಿತ್ರ ಬೇಡ. ಉಪಕರಣ ಚೆನ್ನಾಗಿದ್ದ ದಿನದ ಸಿಲಿಕಾನ್ ಫೈಲ್ ಒಂದಿದ್ದರೆ ಅದನ್ನೂ ಸೇರಿಸಿ, ಪೀಕ್‌ನ ಜಾಗ, ಅಗಲ, ಎತ್ತರ ಮೂರೂ ಅದರಲ್ಲಿ ಇರುತ್ತವೆ. ಲೇಸರ್ ತಲೆಯ ಮುಚ್ಚಳ ಮಾತ್ರ ಬಿಚ್ಚಬೇಡಿ. 532ರ ಪೆಟ್ಟಿಗೆಯೊಳಗೆ ಕಣ್ಣಿಗೆ ಕಾಣದ 808 ಮತ್ತು 1064 ನ್ಯಾನೋಮೀಟರ್ ಬೆಳಕೂ ಓಡಾಡುತ್ತಿರುತ್ತದೆ, ಹಸಿರಿಗೆ ಮಾಡಿದ ಕನ್ನಡಕ ಅದನ್ನು ತಡೆಯುತ್ತದೆ ಅಂತ ನಂಬುವ ಹಾಗಿಲ್ಲ.